ಹೊಟ್ಟೆ ಕಡಿಯುವುದೆಂದರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನರ್ಸ್ ಆಗಿ ಶಿರಸಿ ತಾಲೂಕಿನ ಭೈರುಂಬೆ ಕಡೆಗೆ ಬಂದೆ. ಹಾನಗಲ್ ಸೀಮೆಯವಳು. ಬಾಯಿ ತೆರೆದರೆ ಸಾಕು, ಇಲ್ಲಿನ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನು 'ಬರ್ರಿ, ಕೂಡ್ರಿ' ಎಂದರೆ ಅವರಿಗೆ ಜಗಳಕ್ಕೆ ಕರೆದಂತೆ ಕೇಳುತ್ತಿತ್ತಂತೆ. ನಗಲಿ ಬಿಡಿ, ಸೂಜಿ ನನ್ನ ಕೈಯಲ್ಲಿತ್ತು. ಒಂದು ವರ್ಷದೊಳಗೆ ಅವರ ಮಾತೆಲ್ಲ ನನಗೆ ಅರ್ಥವಾಗತೊಡಗಿತು.

ಒಂದು ಚಳಿಗಾಲದಲ್ಲಿ ರಸ್ತೆ ಅಗಲ ಮಾಡಲು ಗದಗಿನ ಕಡೆಯ ಆಳುಗಳು ಬಂದು ರಸ್ತೆಯ ಪಕ್ಕ ಗುಡಾರ ಹಾಕಿದರು. ಕೆಲಸ ಮುಂದೆ ಹೋದಂತೆ ಗುಡಾರವೂ ಮುಂದೆ ಹೋಗುತ್ತಿತ್ತು. ನಮಗೆಲ್ಲ ಹಳ್ಳಿಗಳನ್ನು ಹಂಚಿಕೊಟ್ಟಿರುತ್ತಾರೆ, ಗುಡಾರ ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ. ಇವರು ಸಿದ್ದಾಪುರದಲ್ಲಿದ್ದಾಗ ಅಲ್ಲಿಯ ನರ್ಸ್, ಇನ್ನೇನು ಶಿರಸಿಗೆ ಹೋಗುತ್ತಾರಲ್ಲ ಎಂದು ಸುಮ್ಮನಿದ್ದಳಂತೆ. ಕೇಳಿ ನನಗೆ ಮೈ ಉರಿಯಿತು. ನನ್ನ ಹಾದಿಯಲ್ಲಿ ಇರುವಷ್ಟು ದಿನ ಇವರು ನನ್ನವರೇ ಎಂದು ನಿರ್ಧರಿಸಿದೆ.

ಅವರಲ್ಲಿ ಏಳು ತಿಂಗಳ ಬಸುರಿಯೊಬ್ಬಳಿದ್ದಳು. ಹಿಂದಿನ ಮಗು ಇಂಥದೇ ಗುಡಾರದಲ್ಲಿ, ಯಾರೂ ಬಂದು ನೋಡುವ ಮೊದಲೇ ಹುಟ್ಟಿ ತೀರಿಕೊಂಡಿತ್ತು. ಈ ಸಲ ಆಸ್ಪತ್ರೆಯಲ್ಲೇ ಹೆರುತ್ತೇನೆ, ಇದೊಂದು ಉಳಿದರೆ ಸಾಕು ಎಂದಿದ್ದಳು. ನಾನೂ ಮಾತು ಕೊಟ್ಟಿದ್ದೆ.

ಒಂದು ಬೆಳಿಗ್ಗೆ ಗುಡಾರದ ಎದುರು ತೋಟದ ಮನೆಯ ಅಮ್ಮ ನನ್ನನ್ನು ಕರೆದು ಮಜ್ಜಿಗೆ ಕೊಟ್ಟರು. ಗುಡಾರದವರಿಗೆ ನೀರು, ಉಪ್ಪಿನಕಾಯಿ ಕೊಟ್ಟು ನೋಡಿಕೊಳ್ಳುತ್ತಿದ್ದವರು ಅವರೇ. ಬಸುರಿ ಹೇಗಿದ್ದಾಳೆಂದು ಕೇಳಿದೆ.

"ಎಂತದೂ ಇಲ್ಲೆ ಅಕ್ಕೋರೆ. ಹೊಟ್ಟೆ ಕಡಿತಡ. ಕೊಬ್ಬರಿ ಎಣ್ಣೆ ಹಚ್ಚು ಹೇಳಿ ನಾನೇ ಕೊಟ್ಟು ಕಳಿಸಿದ್ದಿ."

'ಕಡಿತಡ' ಎಂದರೆ ಕಡಿಯುತ್ತದಂತೆ. ಈ ಕಡೆ ಕಡಿತವೆಂದರೆ ತುರಿಕೆ. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಬಾಯಿ ಕಡಿಯುತ್ತದೆ ಎನ್ನುತ್ತಾರಲ್ಲ, ಹಾಗೆ. ಬಸುರಿಯರಿಗೆ ಹೊಟ್ಟೆಯ ಚರ್ಮ ತುರಿಸುವುದೂ ಉಂಟು. ಆದರೆ ಹೇಳಿದವಳು ಗದಗಿನವಳು. ಅವಳು ಯಾವ ಮಾತಿನಲ್ಲಿ ಹೇಳಿದಳೋ ಅದೇ ಮಾತಿನಲ್ಲಿ ಹೇಳಿ ಎಂದೆ. ಅಮ್ಮ ನಗುತ್ತಾ ಅವಳಂತೆಯೇ ರಾಗ ಎಳೆದರು: "ಹೊಟ್ಟಿ ಕಡ್ಯಾಕ್ಹತ್ತೈತ್ರಿ."

ನಾನು ಲೋಟ ಕೆಳಗಿಟ್ಟು ಓಡಿದೆ. ನಮ್ಮ ಕಡೆ ಹೊಟ್ಟೆ ಕಡಿಯುವುದೆಂದರೆ ಹಿಂಡಿ ಹಿಂಡಿ ಬರುವ ನೋವು.

ಅವಳು ಗುಡಾರದ ಗೂಟ ಹಿಡಿದು ಕೂತಿದ್ದಳು. ಹೊಟ್ಟೆಯ ಮೇಲೆಲ್ಲ ಎಣ್ಣೆ ಮಿಂಚುತ್ತಿತ್ತು. ಹೊಟ್ಟೆ ಮುಟ್ಟಿದ ಕೂಡಲೇ ಹೆರಿಗೆ ಬೇನೆಯೆಂದು ಗೊತ್ತಾಯಿತು. ನಾನು ಕೂಗಿ ಹೇಳುವಷ್ಟರಲ್ಲಿ ತೋಟದ ಅಮ್ಮ ತಮ್ಮ ಮನೆಯ ಜೀಪು ಹೊರಡಿಸಿಯಾಗಿತ್ತು. ತಾವೇ ಹಿಂದೆ ಹತ್ತಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಶಿರಸಿ ಮುಟ್ಟುವವರೆಗೂ ತಮ್ಮನ್ನು ತಾವು ಬೈದುಕೊಳ್ಳುತ್ತಲೇ ಇದ್ದರು. ಎಣ್ಣೆ ಹಚ್ಚಿದ್ದರಿಂದ ಏನೂ ಕೆಟ್ಟದ್ದಾಗಿಲ್ಲ, ಈಗ ಅವಳ ಕೈ ಹಿಡಿದುಕೊಳ್ಳಿ ಎಂದು ಗದರಿದೆ.

ಆಸ್ಪತ್ರೆಗೆ ಹೋದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಅಂಗೈಯಗಲದ ಹೆಣ್ಣುಮಗು. ಅತ್ತ ದನಿ ಮಾತ್ರ ಬಾಗಿಲಾಚೆಗೂ ಕೇಳಿತು. ಕೆಲವು ವಾರ ಬೆಚ್ಚಗಿಟ್ಟು ಕಾಪಾಡಿದರು, ಉಳಿಯಿತು. ನನಗಾದ ಸಂತೋಷ ಹೇಳತೀರದು.

ಅಷ್ಟರಲ್ಲಿ ಗುಡಾರ ಯಲ್ಲಾಪುರದ ದಿಕ್ಕಿಗೆ ಹೋಗಿತ್ತು. ತಾಯಿ-ಮಗುವನ್ನು ಬಸ್ಸು ಹತ್ತಿಸಲು ಹೋದ ನಾನು, ಇನ್ನು ಮುಂದೆ ಕಡಿಯುತ್ತದೆ ಎನ್ನಬೇಡ, ನೋವು ಅನ್ನು, ಇಲ್ಲಿಯವರಿಗೆ ಅದೇ ತಿಳಿಯುವುದು ಎಂದು ಬುದ್ಧಿ ಹೇಳಿದೆ. ಅವಳು ಮಗುವನ್ನು ಸೆರಗಿನೊಳಗೆ ಸೇರಿಸಿಕೊಂಡು ನನ್ನ ಮುಖ ನೋಡಿದಳು.

"ವರ್ಷಪೂರ್ತಿ ಊರೂರು ತಿರಗ್ತೀವ್ರಿ, ಬಾಯಾರ. ಎಷ್ಟ ಊರಿನ ಮಾತು ಕಲೀಲಿ? ನೀವೆಲ್ಲಾ ಒಂದೀಟು ನಮ್ಮ ಮಾತು ಕಲೀರಲಾ."

ಎದುರು ಮಾತಾಡಿದವರನ್ನು ಸುಮ್ಮನೆ ಬಿಡುವವಳಲ್ಲ ನಾನು. ಅವಳು ಹೇಳಿದ್ದು ಸರಿಯಾಗಿತ್ತು, ಬಿಟ್ಟೆ. ಮುಂದಿನ ಸಭೆಗೆ ಮೂರೂ ತಾಲೂಕಿನ ನರ್ಸುಗಳು ಬಂದಾಗ, ಗದಗಿನ ಕಡೆಯವರು ಬೇನೆಗೆ ಏನೇನೆನ್ನುತ್ತಾರೆಂದು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಯಲ್ಲಾಪುರದವಳಿಂದ ಮಾತ್ರ ಎರಡೆರಡು ಸಲ ಹೇಳಿಸಿದೆ. ಆ ತಾಯಿ ಮಗು ಈಗ ಅವಳ ಹಾದಿಯಲ್ಲಿದ್ದರು.