ಅಣ್ಣನ ಕಸುವು

ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ನಮ್ಮ ಕೇರಿಯವರು ದಡದಿಂದ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲುಂಟು. ಅಣ್ಣನೂ ಹೋಗಿ ಹಿಡಿಯುತ್ತಿದ್ದ. ಹಿಡಿಯುತ್ತಿದ್ದ ಅಷ್ಟೇ, ಎಳೆಯುವ ಕಸುವು ಉಳಿದಿರಲಿಲ್ಲ. ಆದರೂ ಪಾಲು ಕೊಡುತ್ತಿದ್ದರು. ಅವನು ಅದನ್ನು ಮರಳ ಮೇಲೇ ಬಿಟ್ಟು ಬರುವುದು, ಅಮ್ಮ ಹೋಗಿ ಆರಿಸಿ ತರುವುದು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ಕಾಲಕ್ಕೆ ಅವನು ಹಗ್ಗ ಹಿಡಿದರೆ, "ಇವ ಒಬ್ನೇ ಸಾಕು" ಎಂದು ಉಳಿದವರು ತಮಾಷೆಗೆ ಕೈಬಿಡುತ್ತಿದ್ದರು. ಆಮೇಲೆ ಯಾರಿಗೂ ಕೇಳದ ದನಿಗಳು ಅವನಿಗೆ ಕೇಳತೊಡಗಿದವು. ಅಮ್ಮ ಬಡಿಸಿದ ಅನ್ನದಲ್ಲಿ ವಿಷವಿದೆ ಎಂದು ತಟ್ಟೆ ದೂಡಿದ. ಹೊನ್ನಾವರದ ಡಾಕ್ಟರು ಕೊಟ್ಟ ಗುಳಿಗೆಯಿಂದ ದನಿಗಳು ಹೋದವು, ಬೆನ್ನಿಗೇ ಕಸುವೂ ಹೋಯಿತು. ಒಣಮೀನು ಕಾಯಲು ಕೂರಿಸಿದರೆ ಅಲ್ಲೇ ನಿದ್ದೆ; ಕಾಗೆಗಳಿಗೆ ಹಬ್ಬ.

ಕುಮಟೆಯ ಹೈಸ್ಕೂಲಿನಲ್ಲಿ ಪ್ರತಿವರ್ಷವೂ ಮೈಟೋಕಾಂಡ್ರಿಯಾ ಅಂದರೆ ಜೀವಕೋಶದ ಶಕ್ತಿಕೇಂದ್ರ ಎಂದು ಪಾಠ ಮಾಡುವವಳು ನಾನು. ಅಣ್ಣನಿಗೆ ಯಾಕಿಷ್ಟು ಸುಸ್ತು ಎಂದು ಕೇಳಿದಾಗ ಡಾಕ್ಟರು ಅದೇ ಹೆಸರು ಎತ್ತಿದರು. "ಇಂಥ ಕೆಲವು ಔಷಧಿಗಳು, ಮೈಯೊಳಗೆ ಅವು ಒಡೆದು ಆಗುವ ಪದಾರ್ಥಗಳು, ಮಿದುಳಿನ ಮೈಟೋಕಾಂಡ್ರಿಯಾದ ಕೆಲಸ ತಗ್ಗಿಸುವುದು ಪ್ರಯೋಗಗಳಲ್ಲಿ ಕಂಡಿದೆ. ನಿಮ್ಮಣ್ಣನ ಸುಸ್ತಿಗೆ ಅದೇ ಕಾರಣ ಅಂತ ಹೇಳೋಕಾಗಲ್ಲ. ಗುಳಿಗೆ ಮಾತ್ರ ನಿಲ್ಲಿಸಬೇಡಿ."

ಮನೆಯಲ್ಲಿ ಹೇಳಿದಾಗ ಅಣ್ಣ ನಕ್ಕ. "ಅಂದ್ರೆ ತಲೆಗೆ ಕರೆಂಟು ಕಮ್ಮಿ ಆತು, ಅಲ್ದಾ? ಗೇರುಸೊಪ್ಪದಲ್ಲಿ ಡ್ಯಾಮ್ ಇದ್ರೂ ನಮ್ಮನೆ ಬಲ್ಬು ಮಿಣಿಮಿಣಿ ಅಂತದಲ್ಲ, ಹಂಗೆ."

ನಮಗೆ ಗೊತ್ತಾಗದಂತೆ ಅವನು ಗುಳಿಗೆ ಬಿಟ್ಟ. ಕೆಲವು ವಾರಗಳಲ್ಲಿ ಹಗ್ಗ ಎಳೆದೇ ಎಳೆದ. ತನ್ನ ಪಾಲು ತಾನೇ ತಂದು ಅಮ್ಮನ ಬುಟ್ಟಿಗೆ ಸುರಿದ. ಖುಷಿಗೆ ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಮೀನನ್ನೇ ಸಾರು ಮಾಡಿ ಬಡಿಸಿದಳು.

ಅವನು ತಟ್ಟೆ ಮೂಸಿ ನೋಡಿದ. "ಇದ್ರಲ್ಲಿ ಎಂತ ಹಾಕಿದೆ?"

ಅಮ್ಮ ಅದೇ ತಟ್ಟೆಯಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟು ತೋರಿಸಿದಳು. ಅವನು ನಂಬಲಿಲ್ಲ. ತಟ್ಟೆ ದೂಡಿ ಎದ್ದ.

ಮತ್ತೆ ಆಸ್ಪತ್ರೆ, ಮತ್ತೆ ಗುಳಿಗೆ. ಗುಣವಾಗಿ ಬಂದ ಅಣ್ಣ ಕಾಲು ಎಳೆದು ಹಾಕುತ್ತ ನಡೆಯುತ್ತಿದ್ದ. ಒಂದು ಸಂಜೆ ಗುಳಿಗೆ ಕೈಯಲ್ಲಿ ಹಿಡಿದು ಕೇಳಿದೆ, "ಬೇರೆ ಔಷಧಿ ಉಂಟಾ ಅಂತ ಡಾಕ್ಟರ ಹತ್ರ ಕೇಳ್ವನಾ?"

"ಕೇಳ್ವ. ಅಲ್ಲಿವರೆಗೆ ಇದೇ ಕೊಡು ತಂಗಿ," ಎಂದ. "ಬಲೆ ಎಳೂಕೆ ಊರಲ್ಲಿ ಬೇಕಾದಷ್ಟು ಜನ ಉಂಟು. ನನ್ನ ಬದ್ಲಿ ಅಮ್ಮನ ಕೈ ಅನ್ನ ಉಣ್ಣೂಕೆ ಯಾರು ಬತ್ರು?"

ಒಲೆಯ ಮುಂದೆ ಅಮ್ಮ ಬಿಕ್ಕಿದಳು. ನಾನೂ ಅತ್ತೆ. ಅವನು ಗುಳಿಗೆ ನುಂಗಿ, ತಟ್ಟೆ ಇಟ್ಟುಕೊಂಡು ಕೂತ.