ಫ್ರೀ ಮಾಮನ ಎರಡನೇ ಮಂಚ

ಬಸ್ ಡಿಪೋದ ಸ್ಟೋರಿನ ಕಿಟಕಿಯ ಹಿಂದೆ ಕೂತಾಗ ಆ ಸ್ಟೋರ್ ಕೀಪರ್ ಕಲ್ಲು. ಯಾವ ಮೆಕ್ಯಾನಿಕ್ ಬಂದು ಎಷ್ಟು ಹಲ್ಲು ಗಿಂಜಿದರೂ ಕರಗುವವರಲ್ಲ. ಹೊಸ ಬೋಲ್ಟು ಬೇಕೇ, ಸವೆದ ಬೋಲ್ಟು ಮೊದಲು ಕೌಂಟರಿನ ಮೇಲೆ ಬೀಳಬೇಕು. ಹೊಸ ಬಲ್ಬು ಬೇಕೇ, ಸುಟ್ಟ ಬಲ್ಬು ತರಬೇಕು. ಪೊರಕೆಯ ಕಡ್ಡಿಯೆಲ್ಲ ಉದುರಿ ಬರೀ ಹಿಡಿ ಉಳಿದಿದ್ದರೂ ಸರಿಯೇ, ಆ ಹಿಡಿ ಕೈಗೆ ಬರುವ ತನಕ ಹೊಸ ಪೊರಕೆ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಒಮ್ಮೆ ಡಿಪೋ ಮ್ಯಾನೇಜರೇ ಹೊಸ ಬೀಗ ಕೇಳಿದಾಗ, ಹಳೆಯ ಬೀಗ ಎಲ್ಲಿ ಸಾರ್ ಅಂದಿದ್ದರಂತೆ. ಹಳೆಯ ಬೀಗವನ್ನು ಕಳ್ಳರು ಒಯ್ದದ್ದರಿಂದಲೇ ಹೊಸದು ಬೇಕಾಗಿತ್ತು. ಮ್ಯಾನೇಜರು ಕೋಣೆಯ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಕೆಲವು ದಿನ ಕಳೆದರು.

ಇಂಥ ಮನುಷ್ಯನಿಗೆ ಅವರ ಬೀದಿ ಇಟ್ಟ ಹೆಸರು ಫ್ರೀ ಮಾಮ. ಡಿಪೋದ ಗೇಟು ದಾಟಿದ್ದೇ ತಡ, ಆ ಕಲ್ಲು ಬೆಣ್ಣೆಯಾಗುತ್ತಿತ್ತು. ಒಂದು ಕೊಂಡರೆ ಇನ್ನೊಂದು ಫ್ರೀ ಎಂಬ ಬೋರ್ಡು ಕಂಡರೆ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ಕೊಳ್ಳುವ ವಸ್ತು ಯಾವುದು ಎನ್ನುವುದು ಆಮೇಲಿನ ಮಾತು. ಮನೆಯಲ್ಲಿ ಒಂದು ಮೀನೂ ಇಲ್ಲದವರು ಮೀನಿನ ತೊಟ್ಟಿಗೆ ಗಾಳಿ ಊದುವ ಯಂತ್ರ ತಂದರು, ಅದೂ ಎರಡು. ಕೇಳಿದವರಿಗೆ, ಮೀನು ಬೇಕಾದರೆ ಯಾವಾಗ ಬೇಕಾದರೂ ಸಿಗುತ್ತದೆ, ಈ ರೇಟು ಸಿಗಬೇಕಲ್ಲ ಎಂದು ತಿಳಿಹೇಳಿದರು.

ತಂದ ಪೆಟ್ಟಿಗೆಯನ್ನು ತೆರೆಯುವಂತಿಲ್ಲ, ಇದು ಆ ಮನೆಯ ಕಟ್ಟಳೆ. ಸೀಲು ಒಡೆದರೆ ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು ಮಾಮನ ವಾದ. ಅವರು ಏನನ್ನಾದರೂ ವಾಪಸ್ ಕೊಟ್ಟದ್ದನ್ನು ಮಾತ್ರ ಯಾರೂ ಕಂಡಿಲ್ಲ. ಹೀಗಾಗಿ ನಡುಮನೆಯಲ್ಲಿ ಹೊಸ ಮಿಕ್ಸಿಗಳು ಪೆಟ್ಟಿಗೆಯೊಳಗೆ ಸುಖವಾಗಿ ನಿದ್ದೆ ಹೊಡೆಯುತ್ತಿದ್ದರೆ, ಅಡುಗೆಮನೆಯಲ್ಲಿ ಮದುವೆಯ ಕಾಲದ ಮಿಕ್ಸಿ ಬೀದಿಗೆಲ್ಲ ಕೇಳುವಂತೆ ಅರಚಿಕೊಳ್ಳುತ್ತಿತ್ತು. ಹೊಸದನ್ನು ತೆಗೆಯಲೇ ಎಂದು ಹೆಂಡತಿ ಕೇಳಿದರೆ, ಇದು ಇನ್ನೂ ಓಡುತ್ತಿದೆಯಲ್ಲ ಎನ್ನುವರು. ಆಗ ಮಾತ್ರ ಸ್ಟೋರ್ ಕೀಪರನ ಬುದ್ಧಿ ಎಚ್ಚರವಾಗುತ್ತಿತ್ತು.

ಪೆಟ್ಟಿಗೆಗಳು ಮೊದಲು ಅಟ್ಟ ಹತ್ತಿದವು, ಆಮೇಲೆ ಮಂಚದ ಕೆಳಗೆ ನುಗ್ಗಿದವು. ಅಲ್ಲೂ ಹಿಡಿಸದೆ ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಂತವು. ಬೀದಿಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಹೊಟ್ಟೆ ಒಳಕ್ಕೆಳೆದುಕೊಂಡು ಅಡ್ಡಡ್ಡ ನಡೆಯಬೇಕು. ಹೆಂಡತಿ ಜಗಳ ಆಡುವ ಪೈಕಿಯಲ್ಲ. ಎಷ್ಟೋ ವರ್ಷ ಹಾಗೆಯೇ ಅಡ್ಡಡ್ಡ ನಡೆದರು. ಕೊನೆಗೆ ಮಂಡಿ ಕೈಕೊಟ್ಟಾಗ, ಆ ನಡಿಗೆಯಿಂದಲೇ ಹೀಗಾಯಿತು ಎಂದು ಡಾಕ್ಟರಿಗೆ ಹೇಳಿದರು. ಡಾಕ್ಟರು ಒಪ್ಪಲಿಲ್ಲ, ವಯಸ್ಸಾಯಿತಲ್ಲಮ್ಮ ಎಂದರು. ಮನೆ ನೋಡಿದ್ದರೆ ಒಪ್ಪುತ್ತಿದ್ದರೇನೋ.

ಮಂಡಿ ಬದಲಾಯಿಸುವುದು ಎಂದು ತೀರ್ಮಾನವಾದದ್ದು ವರ್ಷದ ಕೊನೆಯ ರಜೆಗಳು ಹತ್ತಿರ ಬಂದಿದ್ದ ಹೊತ್ತಿನಲ್ಲಿ. ರಜೆ ಎಂದರೆ ಕಾಲು ಚಾಚಿ ಸುಮ್ಮನೆ ಕೂರುವುದು ಎಂಬ ಕಾಲವೊಂದಿತ್ತು. ಈಗ ಬೆಳಗಾಗೆದ್ದು ಚೀಲ ಹಿಡಿದು ಓಡದಿದ್ದರೆ ಅದು ರಜೆಯೇ ಅಲ್ಲ. ಊರಿನ ಅಂಗಡಿಗಳೆಲ್ಲ ದೀಪದ ಸರ ಹೊದ್ದು ನಿಂತಿದ್ದವು. ಇಂದೇ ಕಡೆಯ ದಿನ ಎಂಬ ಬೋರ್ಡು ತಿಂಗಳಿಡೀ ನೇತಾಡುತ್ತಿತ್ತು, ಜನವೂ ತಿಂಗಳಿಡೀ ಕಡೆಯ ದಿನದ ನೂಕುನುಗ್ಗಲನ್ನೇ ಮಾಡುತ್ತಿತ್ತು. ಪ್ರೀತಿಪಾತ್ರರಿಗಾಗಿ ಎಂದು ಬರೆದಿದ್ದ ಅಂಗಡಿಯ ಮುಂದೆ ಇಬ್ಬರು ಗಂಡಸರು ಒಂದೇ ಇಸ್ತ್ರಿಪೆಟ್ಟಿಗೆಗಾಗಿ ಕಿತ್ತಾಡಿ ಅಂಗಿ ಹರಿದುಕೊಂಡದ್ದನ್ನು ಬೀದಿಯವರು ಕಣ್ಣಾರೆ ಕಂಡರು.

ಆಪರೇಷನ್ನಿಗೆ ಹೋಗುವ ಮುಂಚೆ ಹೆಂಡತಿ ಗಂಡನಲ್ಲಿ ಕೇಳಿದ್ದು ಒಂದೇ. ಹೊಲಿಗೆ ಬಿಚ್ಚುವ ತನಕ ಅಕ್ಕನ ಮನೆಯಲ್ಲಿರುತ್ತೇನೆ, ಆಮೇಲೆ ನಮ್ಮ ಮನೆಗೇ ಬರಬೇಕು. ಡಾಕ್ಟರು ದಿನಾ ವಾಕರ್ ಹಿಡಿದು ನಡೆಯಲೇಬೇಕು ಅಂದಿದ್ದಾರೆ, ನಡೆಯದಿದ್ದರೆ ಹೊಸ ಮಂಡಿಯೂ ಹಳೆಯದರಂತೆಯೇ ಹಿಡಿದುಕೊಳ್ಳುತ್ತದಂತೆ. ಅದಕ್ಕೇ ಮುಂದಿನ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಯವರೆಗೆ ಜಾಗ ಮಾಡಿಡಿ. ಇಷ್ಟನ್ನು ಆಕೆ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದರು. ಗಂಡನ ಕಣ್ಣು ತುಂಬಿ ಬಂತು. ಇವಳು ಇಷ್ಟು ವರ್ಷದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿಜಕ್ಕೂ ಅತ್ತರು.

ಜಾಗ ಮಾಡುವುದಕ್ಕೆಂದೇ ಮಾಮ ರಜೆ ಹಾಕಿದರು. ಮೊದಲ ದಿನ ಮುಂದಿನ ಕೋಣೆಯ ಪೆಟ್ಟಿಗೆಗಳನ್ನು ಬೆವರು ಸುರಿಸಿ ನಡುಮನೆಗೆ ನೂಕಿದರು. ಗೋಡೆಯ ಬಣ್ಣ ಕಂಡಿತು. ನಮ್ಮ ಮನೆಗೆ ಈ ಬಣ್ಣ ಹೊಡೆಸಿದ್ದೆವೇ ಎಂದು ಅವರಿಗೇ ಆಶ್ಚರ್ಯವಾಯಿತು. ಉಳಿದದ್ದನ್ನು ಕಟ್ಟಲು ಹಗ್ಗ ಬೇಕಾಗಿ ಪೇಟೆಗೆ ಹೋದರು, ಅಲ್ಲೇ ಎಡವಟ್ಟಾದದ್ದು. ಪೀಠೋಪಕರಣದ ಅಂಗಡಿಯ ಗಾಜಿನೊಳಗೆ ರೋಗಿಗಳ ಮಂಚವೊಂದು ಹೊಳೆಯುತ್ತಿತ್ತು. ಪಕ್ಕದ ಹಿಡಿ ತಿರುಗಿಸಿದರೆ ತಲೆಯ ಭಾಗ ಮೇಲೇಳುತ್ತದೆ, ಇನ್ನೊಂದು ಹಿಡಿಗೆ ಕಾಲಿನ ಭಾಗ. ರಜೆಯ ವಿಶೇಷ, ಒಂದು ಕೊಂಡರೆ ಇನ್ನೊಂದು ಫ್ರೀ.

ಜಗತ್ತಿನಲ್ಲಿ ಯಾರಿಗಾದರೂ ರೋಗಿಯ ಮಂಚ ಒಂದಕ್ಕೆ ಇನ್ನೊಂದು ಏಕೆ ಬೇಕು? ಮಾರುವವನೂ ಯೋಚಿಸಿರಲಿಲ್ಲ, ಕೊಳ್ಳುವವರಿಗೆ ಯೋಚಿಸಲು ಪುರುಸೊತ್ತಿರಲಿಲ್ಲ. ನಾಳೆ ನಿಮಗೂ ವಯಸ್ಸಾಗುತ್ತದಲ್ಲ ಸಾರ್ ಎಂದು ಸೇಲ್ಸ್‌ಮನ್ ನಯವಾಗಿ ಅಂದ. ಆ ಮಾತಿನಲ್ಲಿದ್ದ ದೂರದೃಷ್ಟಿಗೆ ಮಾಮ ಮಾರುಹೋದರು. ಇದು ತನಗಾಗಿ ಅಲ್ಲ, ಅವಳಿಗಾಗಿ ಎಂಬ ಸಮಾಧಾನ ಬೇರೆ. ಪ್ರೀತಿಯ ಹೆಸರಿನಲ್ಲಿ ಕೊಂಡ ವಸ್ತುವಿಗೆ ಲೆಕ್ಕ ಕೇಳುವವರು ಯಾರು?

ಮಂಚಗಳು ಮನೆಗೆ ಬಂದವು. ಒಂದೊಂದು ಪೆಟ್ಟಿಗೆಯೂ ಬಾಗಿಲಿನಷ್ಟೇ ಎತ್ತರ. ತಂದವರು ಎರಡನ್ನೂ ಮುಂದಿನ ಕೋಣೆಯಲ್ಲಿ ಅಡ್ಡಕ್ಕೆ ಮಲಗಿಸಿ ಕೈ ಕೊಡವಿಕೊಂಡು ಹೋದರು. ಜೋಡಿಸಿಕೊಡಲೇ ಎಂದು ಅವರು ಕೇಳಿದ್ದುಂಟು. ಸೀಲು ಮುಟ್ಟಬೇಡಿ, ಅವಳಿಗೆ ಒಗ್ಗುತ್ತದೋ ಇಲ್ಲವೋ, ಬದಲಾಯಿಸಬೇಕಾಗಿ ಬಂದರೆ? ಎಂದು ಮಾಮನೇ ತಡೆದರು. ಕಿಟಕಿ ಅರ್ಧ ಮುಚ್ಚಿತು. ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

ಹೆಂಡತಿ ಬಂದದ್ದು ಬೆಳಗಿನ ಹೊತ್ತು, ಅಕ್ಕನ ಜೊತೆ ಆಟೋದಲ್ಲಿ. ಅಕ್ಕ ಟೈಲರ್, ಮಾತಿಗಿಂತ ಮುಂಚೆ ಕಣ್ಣಿನಲ್ಲೇ ಅಳತೆ ತೆಗೆಯುವವರು. ಆಕೆ ಬಾಗಿಲು ನೋಡಿದರು, ವಾಕರ್ ನೋಡಿದರು, ಆಟೋದವನಿಗೆ ಕಾಯಲು ಹೇಳಿದರು. ಮಾಮ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು. ಬಾರೇ, ನಿನಗೇನು ತಂದಿದೀನಿ ನೋಡು ಬಾ ಎಂದು ಒಳಗಿನಿಂದ ಕೂಗುತ್ತಿದ್ದರು. ವಾಕರಿನ ಮುಂದಿನ ಎರಡು ಕಾಲು ಹೊಸಿಲು ದಾಟಿ ಪೆಟ್ಟಿಗೆಗೆ ತಗುಲಿ ನಿಂತವು. ಆಕೆ ಒಮ್ಮೆ ಎಡಕ್ಕೆ ತಿರುಗಿಸಿದರು, ಒಮ್ಮೆ ಬಲಕ್ಕೆ. ವಾಕರ್ ಅಡ್ಡಡ್ಡ ನಡೆಯುವುದಿಲ್ಲ.

ಪೆಟ್ಟಿಗೆಯ ಮೇಲಿದ್ದ ಚಿತ್ರದಲ್ಲಿ ಬೆಳ್ಳಗಿನ ಹೆಂಗಸೊಬ್ಬಳು ಮಂಚದ ಮೇಲೆ ಒರಗಿ ನಗುತ್ತಿದ್ದಳು. ಹೆಂಡತಿ ಆ ಚಿತ್ರವನ್ನೇ ಒಂದಷ್ಟು ಹೊತ್ತು ನೋಡಿದರು.

"ರೀ, ಡಾಕ್ಟರು ಕೂಡ ನಿಮ್ಮ ಡಿಪೋ ರೂಲ್ಸೇ ಮಾಡಿದ್ದು. ಹಳೇ ಮಂಡಿ ತೆಗೆದ ಮೇಲೇನೇ ಹೊಸದು ಹಾಕಿದ್ರು. ಎರಡನ್ನೂ ಒಟ್ಟಿಗೆ ತುರುಕಲಿಲ್ಲ."

ನಡೆಯೋಕೆ ಜಾಗ ಆದ ದಿನ ಹೇಳಿ ಕಳಿಸಿ, ಬರ್ತೀನಿ ಎಂದು ಆಕೆ ವಾಕರ್ ತಿರುಗಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಮಾಮ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದರು. ಆಟೋ ಹೋದ ಮೇಲೂ ಅವರು ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿಕೊಂಡ ಹಾಗೆ ನಿಂತೇ ಇದ್ದರು.

ಅಂದೇ ಅಂಗಡಿಗೆ ಓಡಿದರು. ವಾಪಸ್ ಕೌಂಟರಿನ ಸಾಲು ಕೊಳ್ಳುವ ಸಾಲಿಗಿಂತ ಉದ್ದವಿತ್ತು. ಸರದಿ ಬಂದಾಗ ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ವಿವರಿಸಿದಳು. ಹಣ ವಾಪಸ್ ಇಲ್ಲ, ಬದಲಿಗೆ ಬೇರೆ ವಸ್ತು ಕೊಳ್ಳಬಹುದು. ಎರಡು ಮಂಚಕ್ಕೆ ಒಂದು ಕಪಾಟು ಬರುತ್ತದೆ, ಕಪಾಟಿಗೆ ಇನ್ನೊಂದು ಕಪಾಟು ಫ್ರೀ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಮಾಮ ಅರೆಗಳಿಗೆ ಯೋಚನೆಗೆ ಬಿದ್ದರು. ಆಮೇಲೆ ಕೆನ್ನೆಗೆ ತಾವೇ ಹೊಡೆದುಕೊಂಡಂತೆ ತಲೆ ಕೊಡವಿ ಹೊರಗೆ ಬಂದರು.

ಪುಕ್ಕಟೆ ಕೊಟ್ಟರೆ ಯಾರು ಬೇಡ ಅಂತಾರೆ ಎಂದುಕೊಂಡು ಬೀದಿಯ ಬಾಗಿಲುಗಳನ್ನು ತಟ್ಟಲು ಹೊರಟರು. ಮೊದಲ ಮನೆಯ ಮೇಷ್ಟ್ರು ಬಾಗಿಲನ್ನು ಬೆರಳಷ್ಟು ತೆರೆದು, ಆ ಸಂದಿನಿಂದಲೇ ಮಾತಾಡಿದರು. ಪಾಪ, ಇನ್ನೂ ತೆರೆಯಲು ಅವರಿಗೆ ಆಗುತ್ತಿರಲಿಲ್ಲ. ಒಳಗೆ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ನಿಂತಿದ್ದವು. ಎದುರು ಮನೆಯ ನರ್ಸಮ್ಮನ ಮನೆಯಲ್ಲಿ ಹೊಸ ಟಿವಿಯ ಹಿಂದೆ ಹಳೆಯ ಟಿವಿ, ಅದರ ಹಿಂದೆ ಇನ್ನೂ ಹಳೆಯದು. ಅವರು ಒಂದು ಮಂಚಕ್ಕೆ ಬದಲಾಗಿ ತಮ್ಮ ವ್ಯಾಯಾಮದ ಸೈಕಲ್ಲು ಒಯ್ಯುತ್ತೀರಾ ಎಂದು ಆಸೆಯಿಂದ ಕೇಳಿದರು. ಬೀದಿಗೆಲ್ಲ ಅದೇ ಕಾಯಿಲೆ. ಇಷ್ಟು ವರ್ಷ ತನ್ನೊಬ್ಬನನ್ನೇ ಫ್ರೀ ಮಾಮ ಎಂದು ಆಡಿಕೊಂಡಿದ್ದಕ್ಕೆ ಅವರಿಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿಯಿಂದ ಒಂದು ಗೇಣು ಜಾಗವೂ ಹುಟ್ಟಲಿಲ್ಲ.

ಅತ್ತ ಅಕ್ಕನ ಮನೆಯಿಂದ ಸುದ್ದಿ ಬಂತು. ಹೊಲಿಗೆ ಮಿಷನ್ನು, ಗಿರಾಕಿಗಳು, ಬಟ್ಟೆಯ ಗಂಟು, ಅಲ್ಲೂ ನಡೆಯಲು ಜಾಗ ಸಾಲದು. ಮಂಡಿ ಬಿಗಿಯುತ್ತಿದೆ, ರಾತ್ರಿ ನೋವಿಗೆ ನಿದ್ದೆಯಿಲ್ಲ. ಅಕ್ಕ ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟರು. ಅವಳು ಕುಂಟಿಯಾಗಿಬಿಟ್ಟರೆ ಅದಕ್ಕೆ ಕಾರಣ ವಯಸ್ಸಲ್ಲ, ನಾನು. ಈ ಮಾತನ್ನು ಮಾಮ ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಿಕೊಂಡರು. ಖಾಲಿ ಅನ್ನುವುದು ಸುಮ್ಮನೆ ಮಾತಿಗೆ.

ಮರುದಿನ ಕೆಲಸಕ್ಕೆ ಹೋದಾಗ ಡ್ರೈವರುಗಳು ವಿಶ್ರಾಂತಿ ಪಡೆಯುವ ಕೋಣೆಯ ಮುಂದೆ ನಿಂತರು. ದಿನಾ ಹಾದು ಹೋಗುತ್ತಿದ್ದ ಕೋಣೆಯೇ, ಒಳಗೆ ಇಣುಕಿರಲಿಲ್ಲ. ದೂರದ ಗಾಡಿ ಓಡಿಸಿ ಬಂದವರು ಕಾಲು ಮುರಿದ ಬೆಂಚಿನ ಮೇಲೆ ಮೈ ಮುದುಡಿಕೊಂಡು ಮಲಗಿದ್ದರು. ಮಾಮ ಎಲ್ಲರಿಗಿಂತ ಹಿರಿಯ ಡ್ರೈವರನ್ನು ಎಬ್ಬಿಸಿ, ನಮ್ಮ ಮನೆಯಲ್ಲಿ ಎರಡು ಮಂಚ ಇವೆ, ಒಯ್ಯಿರಿ ಎಂದರು. ಆತ ಕನಸೋ ನನಸೋ ಎಂದು ಕಣ್ಣುಜ್ಜಿಕೊಂಡ. ಸ್ಟೋರ್ ಕೀಪರ್ ತಾನಾಗಿ ಬಂದು ಏನನ್ನಾದರೂ ಕೊಟ್ಟದ್ದು ಡಿಪೋದ ಚರಿತ್ರೆಯಲ್ಲೇ ಇರಲಿಲ್ಲ.

ಡ್ರೈವರುಗಳು ಮನೆಗೆ ಬಂದರು. ಬಾಗಿಲು ಪೂರ್ತಿ ತೆರೆಯದ್ದರಿಂದ ಪೆಟ್ಟಿಗೆ ಇಡಿಯಾಗಿ ತಿರುಗದೆ ಸೀಲು ಒಡೆಯಬೇಕಾಯಿತು. ಟೇಪು ಕಿತ್ತ ಸದ್ದಿಗೆ ಮಾಮನ ಕರುಳು ಚುರ್ ಎಂದಿತು. ಎರಡನೆಯದರ ಹೊತ್ತಿಗೆ ಅಷ್ಟಾಗಿ ಅನ್ನಿಸಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನುಗಳೂ ಮಂಚಗಳ ಹಿಂದೆ ಒಂದೊಂದಾಗಿ ಹೊರಟವು. ಮೀನಿನ ಯಂತ್ರಗಳನ್ನು ಯಾರೂ ಮೂಸಿ ನೋಡಲಿಲ್ಲ, ಅವನ್ನು ಗುಜರಿಯವನು ಬೈದುಕೊಂಡೇ ಒಯ್ದ. ಡಿಪೋದಲ್ಲಿ ಮಂಚಗಳನ್ನು ಜೋಡಿಸಿದ ಮೇಲೆ ಮಾಮ ಅಭ್ಯಾಸಬಲದಿಂದ, ಎಲ್ಲಿ, ಹಳೇದು ಕೊಡಿ ಎಂದು ಮುರುಕು ಬೆಂಚುಗಳಿಗೆ ಕೈ ಹಾಕಿದರು. ಅದನ್ನೂ ಮನೆಗೆ ಒಯ್ತೀರಾ ಸಾರ್ ಎಂದು ಹಿರಿಯ ಡ್ರೈವರ್ ಕೇಳಿದ. ಕೋಣೆಯಲ್ಲಿದ್ದವರೆಲ್ಲ ನಕ್ಕರು, ತಡವಾಗಿ ಮಾಮನೂ ನಕ್ಕರು.

ಹೆಂಡತಿ ಮತ್ತೆ ಬಂದಾಗ ಊರಿನಲ್ಲಿ ಮಾರಾಟದ ಅಬ್ಬರ ಇನ್ನೂ ಮುಗಿದಿರಲಿಲ್ಲ. ಮುಂದಿನ ಕೋಣೆಯಲ್ಲಿ ಈಗ ಇದ್ದದ್ದು ಹಳೆಯ ಮಂಚ ಒಂದು, ಕುರ್ಚಿ ಒಂದು, ತೆರೆದ ಕಿಟಕಿ. ವಾಕರ್ ಹೊಸಿಲು ದಾಟಿತು. ಆಕೆ ಒಂದು ಹೆಜ್ಜೆ, ನಿಂತು ಉಸಿರು, ಇನ್ನೊಂದು ಹೆಜ್ಜೆ ಎಂದು ಕಿಟಕಿಯ ತನಕ ಹೋದರು. ಅಲ್ಲಿ ಕಂಬಿ ಹಿಡಿದು ಬೀದಿ ನೋಡುತ್ತಾ ನಿಂತರು. ಆ ಕಿಟಕಿಯಿಂದ ಬೀದಿ ಕಾಣುತ್ತದೆಂಬುದು ಅವರಿಗೆ ಮರೆತೇಹೋಗಿತ್ತು.

ಮಾಮ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಕಣ್ತುಂಬ ನೋಡಿದರು. ಗೆದ್ದೆ ಅನ್ನಿಸಿತು. ಕಾಫಿ ಕುಡಿದರು. ಆಮೇಲೆ ಅವರ ಕಣ್ಣು ಹೆಂಡತಿಯನ್ನು ಬಿಟ್ಟು ಮೆಲ್ಲಗೆ ಎದುರಿನ ಗೋಡೆಗೆ ಹೋಯಿತು. ಮೂಲೆಯಿಂದ ಮೂಲೆಗೆ ಹರಿದಾಡಿತು. ಅಂಗಡಿಯಲ್ಲಿ ಕಂಡ ಕಪಾಟಿನ ಅಗಲ ಎಷ್ಟಿತ್ತೆಂದು ನೆನಪಿಸಿಕೊಳ್ಳುತ್ತಾ ಅವರು ಅಂದರು:

"ಅಲ್ವೇ, ಆ ಗೋಡೆ ಪಕ್ಕ ಎಷ್ಟೊಂದು ಜಾಗ ಖಾಲಿ ಬಿದ್ದಿದೆ ನೋಡು."

ಹೆಂಡತಿ ಕಿಟಕಿಯಿಂದ ತಿರುಗಿದರು. ವಾಕರನ್ನು ಎತ್ತಿ ಅದೇ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟರು.

"ಖಾಲಿ ಇಲ್ಲ ರೀ. ಅಲ್ಲಿ ನಾನು ನಡೀತೀನಿ."

ಆಕೆ ಗೋಡೆಯುದ್ದಕ್ಕೂ ಹೊರಟರು. ದಾರಿಯಲ್ಲಿ ಮಾಮನ ಕುರ್ಚಿ ಅಡ್ಡವಿತ್ತು. ಮಾಮ ಎದ್ದು, ಕುರ್ಚಿಯನ್ನು ಹೊರಗಿನ ಜಗಲಿಗೆ ಒಯ್ದು ಇಟ್ಟು, ಅಲ್ಲೇ ಕೂತರು.