ಹಸಿರಕ್ಕನ ಟ್ಯಾಬ್

ಆರೋಗ್ಯ ಕೇಂದ್ರದ ನರ್ಸಿಗೆ ಹಸಿರಕ್ಕ ಎಂದು ಹೆಸರಿಟ್ಟವನು ಅಲ್ಲಿನ ಆಂಬುಲೆನ್ಸ್ ಡ್ರೈವರ್. ಅವಳ ಟ್ಯಾಬಿನಲ್ಲಿ ಯಾವ ಬಸುರಿಯ ಹೆಸರು ತೆರೆದರೂ ಪಕ್ಕದಲ್ಲಿ ಹಸಿರು ಚುಕ್ಕೆಯೇ. ಬಿಪಿ ಏರಿದ್ದನ್ನು ಇದ್ದಂತೆ ಒತ್ತಿದರೆ ಚುಕ್ಕೆ ಕೆಂಪಾಗುತ್ತಿತ್ತು, ಚುಕ್ಕೆ ಕೆಂಪಾದರೆ ಮುಖ್ಯ ಕಚೇರಿಯಿಂದ ಫೋನು. ಯಾಕಾಯಿತು, ನೀವೇನು ಮಾಡುತ್ತಿದ್ದಿರಿ, ಕಾರಣ ಕೊಡಿ. ಕಾಯಿಲೆ ಹಿಡಿದುಕೊಟ್ಟವಳಿಗೇ ಬೈಗುಳ! ಎರಡು ಸಲ ಬೈಸಿಕೊಂಡ ಮೇಲೆ ಅವಳು ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು ಎಂದು ಒತ್ತತೊಡಗಿದಳು.

ಹಾಗೆಂದು ಅವಳದು ಕಲ್ಲೆದೆಯಲ್ಲ. ಯಾರದಾದರೂ ಬಿಪಿ ಫಿಟ್ಸ್ ಬಂದೀತೆಂದು ಹೆದರಿಸುವಂತಿದ್ದರೆ ಹಿಂಬಾಗಿಲಿಗೆ ಹೋಗಿ ಡ್ರೈವರಿಗೆ, "ತಮ್ಮಾ, ಗಾಡಿ ತೆಗಿ" ಎನ್ನುತ್ತಿದ್ದಳು. ಅವನು ಮರುಮಾತಾಡದೆ ಅವರನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸುತ್ತಿದ್ದ. ಟ್ಯಾಬಿಗೆ ಇದರ ಸುಳಿವೂ ಇಲ್ಲ. ಜೀವ ಉಳಿದರೆ ಸಾಲದೇ, ಅದಕ್ಕೆ ಬೇರೆ ವರದಿ ಒಪ್ಪಿಸಬೇಕೇ ಎಂಬುದು ಇಬ್ಬರ ಜಾಣತನ.

ಆ ವರ್ಷ ಅವಳ ಮಗಳೇ ಬಸುರಿ. ಬರಬರುತ್ತ ಹುಡುಗಿಯ ಪಾದಗಳು ಊದಿಕೊಂಡವು, ಬಿಪಿ ಒಂಚೂರು ಮೇಲೇರಿತು.

"ಏನಮ್ಮಾ, ನಾನು ಯಾವ ಬಣ್ಣ?" ಎಂದು ಮಗಳು ನಕ್ಕಳು.

"ನೀನು ಅಪ್ಪಟ ಹಸಿರು ಕಣೇ," ಎಂದು ಇವಳು ಅದೇ ನೂರಿಪ್ಪತ್ತು–ಎಂಬತ್ತು ಒತ್ತಿದಳು. ಹೇಗೂ ಮಗಳು ಕಣ್ಣೆದುರೇ ಇದ್ದಾಳೆ, ಗಾಡಿ ಬಾಗಿಲಲ್ಲೇ ನಿಂತಿದೆ.

ಟ್ಯಾಬುಗಳಿಗೆ ಸುರಿದ ದುಡ್ಡು ಸಾರ್ಥಕವಾಯಿತೇ ಎಂದು ನೋಡಲು ಒಬ್ಬ ಮೇಡಂ ಬಂದರು. ಸಂಭಾವಿತ ಹೆಂಗಸು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೂತರು.

"ಅಕ್ಕಾ, ಇದರಲ್ಲಿ ಸೇರದೇ ಇರೋ ಕಷ್ಟದ ಕೇಸು ಏನಾದ್ರೂ ಇದ್ಯಾ? ಹೇಳಿ, ನಿಮ್ಮ ಹೆಸರು ಎಲ್ಲೂ ಬರಲ್ಲ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆ ಅದನ್ನು ಹಿಂದಕ್ಕೆ ನುಂಗಿಸಿತು.

"ಏನೂ ಇಲ್ಲ ಮೇಡಂ. ಎಲ್ಲಾ ಇದರಲ್ಲೇ ಇದೆ."

ವರದಿ ಬಂತು. ಯೋಜನೆ ಗೆದ್ದಿದೆ, ಈ ಕೇಂದ್ರದಲ್ಲಿ ಕೆಂಪು ಪ್ರಕರಣವೇ ಇಲ್ಲ, ಆದ್ದರಿಂದ ಆಂಬುಲೆನ್ಸನ್ನು ಕೆಂಪು ಹೆಚ್ಚಿರುವ ಕಡೆಗೆ ಕಳಿಸತಕ್ಕದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಕಟ್ಟಿದವರು ಹಸಿರಿನ ವಿಷಯ ಹೇಳುವುದನ್ನು ಮರೆತಿದ್ದರು. ಹೊರಡುವ ದಿನ ಡ್ರೈವರ್ ಗಾಜು ಒರೆಸಿದ್ದನ್ನೇ ಒರೆಸುತ್ತ ನಿಂತ. "ನಮ್ಮ ಗುಂಡಿ ನಾವೇ ತೋಡ್ಕೊಂಡ್ವಿ ಅಕ್ಕಾ," ಎಂದ. ಅವಳು ಈಗಲಾದರೂ ಕಚೇರಿಗೆ ನಿಜ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಆ ನಾಳೆ ಬರುವ ಮೊದಲೇ, ಒಂದು ಬೆಳಿಗ್ಗೆ, ಮಗಳು ಗಂಡನ ಜೊತೆ, ಗೋಡೆ ಹಿಡಿದುಕೊಂಡು ಕೇಂದ್ರದೊಳಗೆ ಬಂದಳು. ಮುಖ ಬಾತುಹೋಗಿತ್ತು.

"ಅಮ್ಮಾ, ತಲೆ ಸಿಡೀತಿದೆ. ಕಣ್ಣಮುಂದೆ ಏನೇನೋ ಮಿಂಚ್ತಾ ಇದೆ."

ಇವಳು ನೋಡಿದರೆ ಬಿಪಿ ಎಂದೂ ಕಾಣದಷ್ಟು ಏರಿತ್ತು. ರಸ್ತೆಯಲ್ಲಿ ಯಾವ ಗಾಡಿ ಸಿಕ್ಕರೂ ತಡೆ ಎಂದು ಅಳಿಯನನ್ನು ಓಡಿಸಿ, ಇದ್ದ ಅಂಕಿಯನ್ನು ಇದ್ದಂತೆಯೇ ಟ್ಯಾಬಿನಲ್ಲಿ ಒತ್ತಿದಳು. ಕೆಂಪು ಬರಲಿಲ್ಲ. ಅಕ್ಷರಗಳು ಮೂಡಿದವು: ಹಿಂದಿನ ಎಲ್ಲ ಅಳತೆಗಳೂ ಸಹಜವಾಗಿವೆ. ಈ ಅಳತೆ ತಪ್ಪಿರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಅವಳು ಕಚೇರಿಗೆ ಫೋನು ಮಾಡಿದಳು.

"ನಿಮ್ಮಲ್ಲಿ ಅಷ್ಟು ಬಿಪಿನಾ?" ಆ ಕಡೆಯವನು ನಕ್ಕ. "ಮಿಷನ್ನು ಕೆಟ್ಟಿರಬೇಕು, ನೋಡಿ ಸಿಸ್ಟರ್."

"ಮಿಷನ್ ಸರಿಯಾಗಿದೆ! ಇಷ್ಟು ದಿನ ಸುಳ್ಳು ಒತ್ತಿದ್ದು ನಾನು. ಗಾಡಿ ಕಳ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಆ ಕಡೆಯವನ ನಗು ನಿಂತಿತು. "ಕಳಿಸ್ತೀನಿ. ಆದ್ರೆ ಗಾಡಿ ಬರೋಷ್ಟರಲ್ಲಿ ಮಧ್ಯಾಹ್ನ ಆಗುತ್ತೆ," ಎಂದ.

ರಸ್ತೆಯಿಂದ ಅಳಿಯನ ಕೂಗು ಕೇಳುತ್ತಿತ್ತು, ಯಾವ ಗಾಡಿಯೂ ನಿಂತ ಸದ್ದಿರಲಿಲ್ಲ. ಮಂಚದ ಮೇಲೆ ಮಗಳು ಟ್ಯಾಬಿನತ್ತ ಕಣ್ಣು ಕಿರಿದು ಮಾಡಿ ನೋಡಿದಳು.

"ಅಮ್ಮಾ, ಹಸಿರೇ ಇದೆಯಲ್ಲ. ಮತ್ಯಾಕೆ ಅಳ್ತಿದ್ದೀಯ?"

ತಾಯಿ ಬಾಯಿ ತೆರೆಯುವಷ್ಟರಲ್ಲಿ ಮಗಳ ಮೈಯೆಲ್ಲ ಸೆಟೆದು ಅದುರತೊಡಗಿತು.